ಮೂಳೆಗೊಂದು ಹೆಸರು

“ಮೇಡಂ, ನೀವು ಡಾಕ್ಟ್ರಾ, ಮೇಷ್ಟ್ರಾ, ಇಲ್ಲ ಪೊಲೀಸ್ ಕಡೆಯವರಾ?”

ಸಕಲೇಶಪುರ, ಆಲೂರು ಕಡೆ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳುವ ಪ್ರಶ್ನೆ ಇದು. ಮೂರಕ್ಕೂ ಅರ್ಧ ಹೌದು, ಅರ್ಧ ಅಲ್ಲ ಅನ್ನಬೇಕಾಗುತ್ತೆ. ಓದಿದ್ದು ಎಂಬಿಬಿಎಸ್, ಆಮೇಲೆ ಅಂಗರಚನಾಶಾಸ್ತ್ರದಲ್ಲಿ ಎಂಡಿ. ಅಂದರೆ ಅನಾಟಮಿ. ಬೆಳಗ್ಗೆ ಮೊದಲ ವರ್ಷದ ಮಕ್ಕಳಿಗೆ ಡಿಸೆಕ್ಷನ್ ಹಾಲ್‌ನಲ್ಲಿ ಪಾಠ. ವರ್ಷದಲ್ಲಿ ಕೆಲವು ಸಲ ಪೊಲೀಸರು ಮೂಳೆ ತರುತ್ತಾರೆ. ಆಗ ಫೊರೆನ್ಸಿಕ್ ವಿಭಾಗದ ಸಹೋದ್ಯೋಗಿಗಳ ಪಕ್ಕ ಕೂತು ನೋಡೋದು, ಅಭಿಪ್ರಾಯ ಕೊಡೋದು. ಉಳಿದ ಹೊತ್ತಿನಲ್ಲಿ ಮೂಳೆಗಳ ಅಳತೆ, ಲೆಕ್ಕ, ಸಂಶೋಧನೆ.

ಇತ್ತೀಚೆಗೆ ಈ ಅಂಕಣದ ಓದುಗರಲ್ಲಿ ಕೆಲವರು, “ಇದು ಕೆರಿಯರ್ ಆಗಿ ಹೇಗೆ?” ಅಂತ ಕೇಳಿದ್ದಾರೆ. ಬಿಎಸ್ಸಿ ಮುಗಿಸಿದವರು, ಎಂಬಿಬಿಎಸ್ ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವವರು, ವೆಬ್ ಸೀರೀಸ್ ನೋಡಿ ಫೊರೆನ್ಸಿಕ್ ಕಡೆ ಮನಸ್ಸು ಹೋದವರು. ಕೋರ್ಸ್, ಕೆಲಸದ ಮಾತು ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮುಂಚೆ ಪ್ರಾಸ್ಪೆಕ್ಟಸ್‌ನಲ್ಲಿ ಬರೆಯದ ಒಂದು ವಿಷಯ ಹೇಳಬೇಕು.

ಈ ಮೂರು ಕೆಲಸ ಹೊರಗಿನಿಂದ ಒಂದೇ ಮನೆಯವರಂತೆ ಕಾಣುತ್ತವೆ. ಒಳಗೆ ಒಂದು ಜಗಳ ಇದೆ. ಅನಾಟಮಿ ಪಾಠಕ್ಕೆ ಶವ ಬೇಕು. ಬಹಳ ಕಾಲದಿಂದ ಅದು ಸಿಕ್ಕಿದ್ದು ಯಾರೂ ಕೇಳಿಕೊಂಡು ಬರದವರಿಂದ. ಫೊರೆನ್ಸಿಕ್‌ನ ಕೆಲಸ ಅಂದರೆ ಪ್ರತಿ ಶವಕ್ಕೂ ಕೇಳುವವರನ್ನು ಹುಡುಕೋದು. ಎರಡೂ ಕಡೆ ಕಾಲಿಟ್ಟವರು ಈ ಜಗಳವನ್ನು ದಿನಾ ನೋಡ್ತಾರೆ.

ಗುಡ್ಡದಿಂದ ಬರುವ ಗೋಣಿಚೀಲ

ನಮ್ಮ ಗುಡ್ಡಗಳು ಚಂದ. ಹೋಮ್‌ಸ್ಟೇ ಫೋಟೋಗಳಲ್ಲಿ ನೀವೂ ನೋಡಿರುತ್ತೀರಿ. ಆದರೆ ಒಂದು ದೇಹ ಕಾಡಂಚಲ್ಲಿ, ತೋಟದ ಮೂಲೆಯಲ್ಲಿ, ಹಳ್ಳದ ಬದಿಯಲ್ಲಿ ಉಳಿದುಬಿಟ್ಟರೆ ಇದೇ ಗುಡ್ಡ ಅದರ ಗುರುತನ್ನು ಬೇಗ ಅಳಿಸುತ್ತೆ. ಆರಿದ್ರಾ, ಪುನರ್ವಸು ಮಳೆ ಶುರುವಾದರೆ ದಿನಗಟ್ಟಲೆ ಬಿಡೋದಿಲ್ಲ. ತೇವ, ಎಲೆಗೊಬ್ಬರ, ಹುಳ. ಕಾಡುಹಂದಿ, ನರಿ ಎಳೆದಾಡಿದರೆ ಕೈ ಒಂದು ಕಡೆ, ಬುರುಡೆ ಒಂದು ಕಡೆ. ಹುಳಿ ಮಣ್ಣು ವರ್ಷಗಳು ಕಳೆದಂತೆ ಮೂಳೆಯನ್ನೇ ಸವೆಸುತ್ತೆ. ಕಾಫಿ ಬೆಳೆಯುವ ಮಣ್ಣು ಸಾಮಾನ್ಯವಾಗಿ ಹುಳಿ ಮಣ್ಣೇ.

ಹೀಗೆ ಸಿಕ್ಕಿದ್ದು ಠಾಣೆಗೆ ಬರುತ್ತೆ. ಅಸಹಜ ಸಾವು ಅಂತ ಯುಡಿಆರ್ ದಾಖಲಾಗುತ್ತೆ, ಸ್ಥಳದಲ್ಲಿ ಪಂಚನಾಮೆ ಆಗುತ್ತೆ. ಬರೀ ಮೂಳೆ ಆದರೆ ವೈದ್ಯಕೀಯ ಕಾಲೇಜಿಗೆ ಕಳಿಸುತ್ತಾರೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದ್ದು 2006ರಲ್ಲಿ. ಅದಕ್ಕೂ ಮೊದಲು ಬೇರೆ ಜಿಲ್ಲೆಯ ಕಾಲೇಜಿಗೆ ಹೋಗಬೇಕಿತ್ತು.

ಚೀಲ ಬಿಚ್ಚಿದಾಗ ಮೊದಲ ಪ್ರಶ್ನೆ: ಮನುಷ್ಯನದ್ದಾ? ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕ ಮೂಳೆ ಬಹಳ ಸಲ ಹಂದಿಯದ್ದೋ ಕರುವಿನದ್ದೋ ಆಗಿರುತ್ತೆ. “ಹಂದಿದು” ಅಂದ ಕೂಡಲೇ ಜೊತೆಗೆ ಬಂದ ಕಾನ್‌ಸ್ಟೇಬಲ್ ಮುಖ ಅರಳುತ್ತೆ. “ಸದ್ಯ ಮೇಡಂ, ಟೀ ಕುಡಿಯೋಣ” ಅಂತಾರೆ.

ಮನುಷ್ಯನದ್ದಾದರೆ ಎರಡನೇ ಪ್ರಶ್ನೆ: ಒಬ್ಬರದ್ದಾ, ಇಬ್ಬರದ್ದಾ? ಎರಡು ಎಡತೊಡೆ ಮೂಳೆ ಇದ್ದರೆ ಅಲ್ಲಿ ಕನಿಷ್ಠ ಇಬ್ಬರಿದ್ದಾರೆ. ಆಮೇಲೆ ಗಂಡಸೋ ಹೆಂಗಸೋ. ಇದಕ್ಕೆ ಸೊಂಟದ ಮೂಳೆಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಹೆಂಗಸರಲ್ಲಿ ಹೆರಿಗೆಗೆ ಅನುಕೂಲವಾಗುವಂತೆ ಮುಂಭಾಗದ ಕೋನ ಅಗಲ, ಗಂಡಸರಲ್ಲಿ ಕಿರಿದು. ವಯಸ್ಸಿಗೆ ಹಲ್ಲು, ಮೂಳೆಗಳ ತುದಿಗಳ ಕೂಡಿಕೆ. ಕಾಲರ್ ಬೋನ್‌ನ ಎದೆ ಕಡೆಯ ತುದಿ ಪೂರ್ತಿ ಕೂಡಿಕೊಳ್ಳೋದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿ ಮೂವತ್ತರ ಹತ್ತಿರಕ್ಕೆ. ಅಲ್ಲಿ ಇನ್ನೂ ಗೆರೆ ಕಾಣುತ್ತಿದ್ದರೆ ಸತ್ತವರು ಹರೆಯದವರು.

ಮೂರನೆಯದು, ಆ ಒಬ್ಬರಿಗೇ ಸೇರಿದ ಗುರುತು. ಹಳೆಯ ಮುರಿತ, ಕಟ್ಟಿಸಿದ ಹಲ್ಲು, ಒಳಗೆ ಹಾಕಿದ ಪ್ಲೇಟು. ಹೆಸರು, ಊರು ಬೇಡ, ಒಂದು ಕೇಸು ಹೇಳ್ತೀನಿ. ಮುಂಗಾಲಿನ ಮೂಳೆಯಲ್ಲಿ ಸ್ಟೀಲ್ ಪ್ಲೇಟು, ಆರು ಸ್ಕ್ರೂ. ಪ್ಲೇಟಿನ ಮೇಲೆ ಕಂಪನಿಯ ಗುರುತು, ಲಾಟ್ ನಂಬರ್. ಆ ನಂಬರ್ ಹಿಡಿದು ಪೊಲೀಸರು ಹೋಗಿ ತಲುಪಿದ್ದು ಬೇರೆ ರಾಜ್ಯದ ಒಂದು ಆಸ್ಪತ್ರೆಗೆ, ಅಲ್ಲಿಂದ ಒಂದು ಮನೆಗೆ. ಕಾಫಿ ಕೊಯ್ಲಿನ ಕೆಲಸಕ್ಕೆ ಬಂದಿದ್ದ ಹುಡುಗ. ಅಣ್ಣ ರೈಲಿನಲ್ಲಿ ಬಂದ. ಭಾಷೆ ಬರೋದಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಖಂಡಿತ ಅವನೇನಾ?” ತಾಯಿಯ ರಕ್ತದ ಜೊತೆ ಡಿಎನ್ಎ ಹೋಲಿಸಿ ಉತ್ತರ ಬರೋದಕ್ಕೆ ತಿಂಗಳುಗಳು ಹಿಡಿದವು. ಉತ್ತರ ಬಂದ ಮೇಲೆ ಅವನು ಒಂದು ಚಿಕ್ಕ ಪೆಟ್ಟಿಗೆ ಹಿಡಿದು ವಾಪಸ್ ಹೋದ.

ಆ ಉತ್ತರಕ್ಕೆ ಎಷ್ಟು ಬೆಲೆ ಅಂತ ನಗರದಲ್ಲಿರುವ ನಮಗೆ ಬೇಗ ಹೊಳೆಯೋದಿಲ್ಲ. ಒಬ್ಬರು ಕಾಣೆಯಾಗಿದ್ದಾರೆ, ಸಾವಿಗೆ ಸಾಕ್ಷಿ ಇಲ್ಲ ಅಂದರೆ, ಕಾನೂನಿನಲ್ಲಿ ಅವರನ್ನು ಸತ್ತವರೆಂದು ಭಾವಿಸೋದಕ್ಕೆ ಏಳು ವರ್ಷ ಸುದ್ದಿಯೇ ಇಲ್ಲದೆ ಕಳೆಯಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇದಿತ್ತು, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಏಳು ವರ್ಷ ವಿಮೆ ಇಲ್ಲ, ಜಮೀನಿನ ಖಾತೆ ಬದಲಾಗೋದಿಲ್ಲ, ಹೆಂಡತಿ ವಿಧವೆಯೂ ಅಲ್ಲ, ಅಲ್ಲದೆಯೂ ಇಲ್ಲ. ಆನೆ ತುಳಿದು ಸತ್ತರೆ ಸರ್ಕಾರ ಪರಿಹಾರ ಕೊಡುತ್ತೆ, ನಿಜ. ಆದರೆ ಸತ್ತವರು ಯಾರು, ಸತ್ತದ್ದು ಹೇಗೆ ಅಂತ ಕಾಗದದ ಮೇಲೆ ಬಂದ ಮೇಲೆ. ಆಲೂರು, ಸಕಲೇಶಪುರದಲ್ಲಿ ಇದು ಬರೀ ಮಾತಲ್ಲ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಿಸಲು ಹೋದ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಆನೆಗಳನ್ನು ಅಷ್ಟು ಬಲ್ಲವರಿಗೇ ಹೀಗಾದರೆ, ಬೆಳಗ್ಗೆ ಕೆಲಸಕ್ಕೆ ತೋಟದ ದಾರಿ ಹಿಡಿಯುವವರ ಪಾಡೇನು?

ಮೂರು ಸೆಂಟಿಮೀಟರ್ ವ್ಯತ್ಯಾಸ

ಸಂಶೋಧನೆ ಎಲ್ಲಿ ಬರುತ್ತೆ ಅಂತೀರಾ? ಎತ್ತರದ ಲೆಕ್ಕ ತೆಗೆದುಕೊಳ್ಳಿ. ತೊಡೆ ಮೂಳೆ ಮನುಷ್ಯನ ಎತ್ತರದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇದನ್ನು ಪಕ್ಕಾ ಲೆಕ್ಕಕ್ಕೆ ತಂದವರು ಅಮೆರಿಕದ ಮಿಲ್ಡ್ರೆಡ್ ಟ್ರಾಟರ್. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅನಾಟಮಿ ಮೇಡಂ. 1946ರಲ್ಲಿ ಅಲ್ಲಿನ ವೈದ್ಯಕೀಯ ಶಾಲೆಯ ಮೊದಲ ಮಹಿಳಾ ಪೂರ್ಣ ಪ್ರೊಫೆಸರ್ ಆದರು. 1948ರಲ್ಲಿ ಪಾಠಕ್ಕೆ ರಜೆ ಹಾಕಿ ಹವಾಯಿಗೆ ಹೋಗಿ, ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಮೂಳೆಗಳನ್ನು ಒಂದೊಂದಾಗಿ ಗುರುತಿಸುವ ಕೆಲಸಕ್ಕೆ ಕೂತರು. ಸೈನ್ಯದಲ್ಲಿ ಪ್ರತಿಯೊಬ್ಬರ ಎತ್ತರ ಬರೆದಿಟ್ಟಿದ್ದರು. ಇತ್ತ ಮೂಳೆಯ ಅಳತೆ ಸಿಕ್ಕಿತು. ಎರಡನ್ನೂ ಸೇರಿಸಿ ಗೋಲ್ಡೀನ್ ಗ್ಲೆಸರ್ ಜೊತೆ 1952ರಲ್ಲಿ ಸೂತ್ರಗಳನ್ನು ಪ್ರಕಟಿಸಿದರು. ಬಿಳಿಯ ಗಂಡಸರಿಗೆ ಅವರ ಸೂತ್ರ: ತೊಡೆ ಮೂಳೆಯ ಸೆಂಟಿಮೀಟರ್ ಗುಣಿಸು 2.38, ಕೂಡಿಸು 61.41. ಮೂಳೆ 43 ಸೆಂ.ಮೀ. ಇದ್ದರೆ ಎತ್ತರ ಸುಮಾರು 164 ಸೆಂ.ಮೀ., ಆಚೀಚೆ ಮೂರು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು.

ಪಾಠ, ಫೊರೆನ್ಸಿಕ್, ಸಂಶೋಧನೆ ಮೂರೂ ಒಬ್ಬರಲ್ಲೇ ಹೇಗೆ ಕೂಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದರಲ್ಲೇ ಇನ್ನೊಂದು ಪಾಠವೂ ಇದೆ. ಟ್ರಾಟರ್ ಮುಂಗಾಲಿನ ಮೂಳೆಯನ್ನು ಅಳೆಯುವಾಗ ಒಳಗಣಕಾಲಿನ ಗಂಟನ್ನು ಸೇರಿಸಿದ್ದೇನೆ ಅಂತ ಬರೆದಿದ್ದರು. ಅಸಲಿಗೆ ಸೇರಿಸಿರಲಿಲ್ಲ. ಇದು ಬೆಳಕಿಗೆ ಬಂದಿದ್ದು 1990ರ ದಶಕದಲ್ಲಿ. ಅಷ್ಟು ವರ್ಷ, ಪುಸ್ತಕದಲ್ಲಿ ಹೇಳಿದಂತೆ ಗಂಟು ಸೇರಿಸಿ ಅಳೆದವರಿಗೆಲ್ಲ ಎತ್ತರ ಎರಡೂವರೆಯಿಂದ ಮೂರು ಸೆಂಟಿಮೀಟರ್ ಹೆಚ್ಚು ಬರುತ್ತಿತ್ತು.

ಮೂರು ಸೆಂಟಿಮೀಟರ್ ಏನು ಮಹಾ ಅನ್ನಬೇಡಿ. ಕಾಣೆಯಾದವರ ಪಟ್ಟಿಯಲ್ಲಿ ಎತ್ತರ ನೋಡಿ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಮನೆಗೆ ಫೋನ್ ಮಾಡೋದಕ್ಕೆ ಅಷ್ಟೇ ಸಾಕು. ಇನ್ನು ಅಮೆರಿಕದ ಸೈನಿಕರ ಲೆಕ್ಕವನ್ನು ಬಿಸಿಲೆ ಘಾಟಿಯಲ್ಲಿ ಸಿಕ್ಕ ಮೂಳೆಗೆ ಹಾಗೇ ಹಚ್ಚಿದರೆ? ಕೈಕಾಲು, ಮೈಯ ಉದ್ದದ ಪ್ರಮಾಣ ಎಲ್ಲ ಜನರಲ್ಲೂ ಒಂದೇ ಅಲ್ಲ. ಆದ್ದರಿಂದಲೇ ದೇಶದ ಅನಾಟಮಿ ವಿಭಾಗಗಳಲ್ಲಿ ಆಯಾ ಭಾಗದ ಜನರ ಅಳತೆ ತೆಗೆಯುವ ಸಂಶೋಧನೆ ನಡೆಯುತ್ತೆ. ನೋಡೋದಕ್ಕೆ ಬೋರು ಕೆಲಸ. ದಿನವಿಡೀ ಕ್ಯಾಲಿಪರ್ ಹಿಡಿದು ಅಳತೆ, ಎಕ್ಸೆಲ್ ಶೀಟು. ಆದರೆ ಮುಂದೆ ಯಾರದೋ ಗೋಣಿಚೀಲ ಬಂದಾಗ ಆ ಶೀಟು ಬೇಕಾಗುತ್ತೆ.

ನೀರಿನ ಸಾವಿಗೂ ಇದೇ ಮಾತು. ಹೇಮಾವತಿಯಲ್ಲಿ ಶವ ಸಿಕ್ಕರೆ, ಮುಳುಗಿ ಸತ್ತದ್ದೋ, ಸತ್ತ ಮೇಲೆ ನೀರಿಗೆ ಹಾಕಿದ್ದೋ ಅಂತ ಕೇಳ್ತಾರೆ. ನೀರಿನಲ್ಲಿ ಡಯಾಟಂ ಅನ್ನುವ, ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ ಇರುತ್ತೆ. ಜೀವ ಇದ್ದಾಗ ನೀರು ಉಸಿರಿನಲ್ಲಿ ಒಳಗೆ ಹೋದರೆ ಅದು ರಕ್ತದ ಮೂಲಕ ತೊಡೆ ಮೂಳೆಯ ಮಜ್ಜೆ ತನಕ ತಲುಪಬಹುದು. ಹರಿಯುವ ಹಳ್ಳದ ಡಯಾಟಂ ಬೇರೆ, ಗೊರೂರು ಅಣೆಕಟ್ಟಿನ ಹಿನ್ನೀರಿನಂಥ ನಿಂತ ನೀರಿನದ್ದು ಬೇರೆ. ಈ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡು ತೀರ್ಮಾನ ಮಾಡಬಾರದು ಅನ್ನುವ ವಾದವೂ ಬಲವಾಗಿದೆ. ಆದರೆ ಹೋಲಿಸೋದಕ್ಕೆ ಆಯಾ ನೀರಿನ ಪಟ್ಟಿ ಯಾರಾದರೂ ಮಾಡಿಟ್ಟಿರಲೇಬೇಕು. ಇವೆಲ್ಲ ನಮ್ಮ ಊರಿನ ಪಕ್ಕದಲ್ಲೇ ಕಾದಿರುವ ಸಂಶೋಧನೆಗಳು.

ಟೇಬಲ್ ಮೇಲೆ ಮಲಗಿರುವವರು

ಈಗ ಮೊದಲು ಹೇಳಿದ ಜಗಳಕ್ಕೆ ಬರ್ತೀನಿ.

1828ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಅನ್ನುವ ಇಬ್ಬರು 16 ಜನರನ್ನು ಕೊಂದು, ಶವಗಳನ್ನು ಅನಾಟಮಿ ಶಾಲೆಗೆ ಮಾರಿದ ಸಂಗತಿ ಹೊರಬಿತ್ತು. ಪಾಠಕ್ಕೆ ಶವದ ಬರ ಅಷ್ಟಿತ್ತು. ಇಂಥ ದಂಧೆ ನಿಲ್ಲಿಸಲು 1832ರಲ್ಲಿ ಬ್ರಿಟನ್ ಅನಾಟಮಿ ಕಾಯ್ದೆ ತಂದಿತು. ಬಡವರ ಆಶ್ರಮಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತು ಯಾರೂ ಕೇಳದ ಶವಗಳು ಕಾನೂನು ಪ್ರಕಾರ ಕಾಲೇಜಿಗೆ ಸಿಗುವಂತಾಯಿತು. ಕೊಲೆ ನಿಂತಿತು, ಆದರೆ ಟೇಬಲ್ ಮೇಲೆ ಮಲಗಿದವರು ಬಡವರೇ.

ಅದೇ ಎಡಿನ್‌ಬರೋದ ಅನಾಟಮಿ ಪ್ರೊಫೆಸರ್ ಒಬ್ಬರು, ಒಂದು ಶತಮಾನದ ನಂತರ, ಸಾಲ ತೀರಿಸಿದಂತೆ ಒಂದು ಕೆಲಸ ಮಾಡಿದರು. 1935ರಲ್ಲಿ ಮುಂಬೈ ಮೂಲದ ಪಾರ್ಸಿ ವೈದ್ಯ ಬಕ್ ರಕ್ಸ್‌ಟನ್ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಹೆಂಡತಿಯನ್ನೂ ಮನೆಗೆಲಸದ ಹುಡುಗಿಯನ್ನೂ ಕೊಂದು, ಗುರುತು ಸಿಗದಂತೆ ತುಂಡು ಮಾಡಿ ಸ್ಕಾಟ್ಲೆಂಡಿನ ಕಣಿವೆಯೊಂದರಲ್ಲಿ ಎಸೆದಿದ್ದ. ಪ್ರೊಫೆಸರ್ ಜೇಮ್ಸ್ ಬ್ರಾಶ್ ತುಂಡುಗಳನ್ನು ಜೋಡಿಸಿ ಇಬ್ಬರನ್ನು ಬೇರೆ ಮಾಡಿದರು. ಬುರುಡೆಯ ಚಿತ್ರದ ಮೇಲೆ ಹೆಂಡತಿಯ ಫೋಟೋ ಕೂರಿಸಿ ತೋರಿಸಿದರು. ಗ್ಲಾಸ್ಗೋದ ಫೊರೆನ್ಸಿಕ್ ಪ್ರೊಫೆಸರ್ ಜಾನ್ ಗ್ಲೈಸ್ಟರ್ ಜೊತೆಗಿದ್ದರು. ಇಬ್ಬರು ಹೆಣ್ಣುಮಕ್ಕಳಿಗೂ ಅವರವರ ಹೆಸರು ವಾಪಸ್ ಸಿಕ್ಕಿತು.

ನಮ್ಮಲ್ಲೂ ಕಾನೂನಿನ ಜಾಡು ಅದೇ. ಮೈಸೂರು ರಾಜ್ಯ ಇದ್ದಾಗ, 1957ರಲ್ಲಿ ಬಂದ ಅನಾಟಮಿ ಕಾಯ್ದೆಯೇ ಇವತ್ತು ಕರ್ನಾಟಕದ ಕಾಯ್ದೆ. ವಾರಸುದಾರರು ಬರದ ಶವಗಳನ್ನು ಪಾಠಕ್ಕೆ ಕೊಡಲು ಇದರಲ್ಲಿ ಅವಕಾಶ ಇದೆ. ಮೂಳೆಯ ಕಥೆ ಇನ್ನೊಂದು. 1985ರಲ್ಲಿ ನಿಷೇಧ ಆಗುವ ತನಕ ಹೊರದೇಶದ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರ ಕಳಿಸುತ್ತಿದ್ದ ದೊಡ್ಡ ದೇಶ ನಮ್ಮದೇ. ಎಂಬಿಬಿಎಸ್ ಓದಿದ ಯಾರನ್ನಾದರೂ ಕೇಳಿ, ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈ ಬದಲಾಗುವ ‘ಬೋನ್ ಸೆಟ್’ ಹಾಸ್ಟೆಲಿನ ಮಂಚದ ಕೆಳಗೆ ಇದ್ದದ್ದು ನೆನಪಿರುತ್ತೆ. ಅದು ಯಾರದ್ದು ಅಂತ ಕೇಳಿದ ನೆನಪು ಮಾತ್ರ ಯಾರಿಗೂ ಇರಲ್ಲ.

ನನಗೂ ಕೈ ಕೂರಿಸಿ ಕಲಿಸಿದ್ದು ಇಂಥವರ ದೇಹವೇ. ನೀವು ಆಪರೇಷನ್ ಮಾಡಿಸಿಕೊಂಡ ಸರ್ಜನ್‌ಗೂ ಅಷ್ಟೇ. ಇದನ್ನು ತಿರಸ್ಕಾರದಿಂದ ಹೇಳ್ತಾ ಇಲ್ಲ, ಸಾಲ ಅಂತ ಹೇಳ್ತಾ ಇದ್ದೀನಿ. ಈಗ ಹಲವು ಕಾಲೇಜುಗಳಲ್ಲಿ ಮೊದಲ ದಿನ ಮಕ್ಕಳು ಮೃತದೇಹದ ಮುಂದೆ ನಿಂತು ಗೌರವದ ಪ್ರತಿಜ್ಞೆ ಮಾಡುತ್ತಾರೆ. ಒಳ್ಳೆಯದೇ. ಆದರೆ ಪ್ರತಿಜ್ಞೆ ಮಾಡಿಸುವಾಗ ನನಗೆ ಆ ಪೆಟ್ಟಿಗೆ ಹಿಡಿದು ಹೋದ ಅಣ್ಣ ಕಣ್ಣ ಮುಂದೆ ಬರ್ತಾನೆ. ಅವನ ತಮ್ಮ ಕಾಡಂಚಿನಲ್ಲಿ ಅಲ್ಲ, ಊರು ಗೊತ್ತಿಲ್ಲದ ರೋಗಿಯಾಗಿ ಯಾವುದೋ ವಾರ್ಡಿನಲ್ಲಿ ಸತ್ತಿದ್ದರೆ? ಅಣ್ಣನಿಗೆ ಸುದ್ದಿ ಮುಟ್ಟುವ ಮೊದಲೇ ಅವನು ಯಾವುದೋ ಟೇಬಲ್ ಮೇಲೆ ನಂಬರ್ ಆಗಿರಬಹುದಿತ್ತು.

ಜಗಳ ಬಗೆಹರಿಯುವ ದಾರಿ ಒಂದೇ. ಪಾಠಕ್ಕೆ ಬರುವ ದೇಹ ಯಾರೂ ಕೇಳದೆ ಬಿಟ್ಟದ್ದಾಗಿರಬಾರದು, ತಾವಾಗಿ ಕೊಟ್ಟದ್ದಾಗಿರಬೇಕು. ಟ್ರಾಟರ್‌ಗೂ ಇದು ಗೊತ್ತಿತ್ತು. ಅವರು ಕೆಲಸ ಮಾಡಿದ ಟೆರ್ರಿ ಅಸ್ಥಿ ಸಂಗ್ರಹದಲ್ಲಿ ಇದ್ದವರಲ್ಲಿ ಹೆಚ್ಚಿನವರು ಸೇಂಟ್ ಲೂಯಿಸ್ ಕಡೆಯ ವಾರಸುದಾರರಿಲ್ಲದ ಬಡವರು. ಮುಂದೆ ಟ್ರಾಟರ್ ತಮ್ಮ ರಾಜ್ಯದಲ್ಲಿ ದೇಹದಾನಕ್ಕೆ ಕಾನೂನಿನ ನೆಲೆ ಸಿಗುವಂತೆ ಕೆಲಸ ಮಾಡಿದರು. 1991ರಲ್ಲಿ ತೀರಿಕೊಂಡಾಗ ಅವರ ದೇಹವೂ ತಾವು ಪಾಠ ಮಾಡಿದ ಶಾಲೆಗೇ ಹೋಯಿತು.

ಬೈಲಹೊಂಗಲದ ಅಪ್ಪ, ಆಲೂರಿನ ಅಪ್ಪ

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಸವಣ್ಣೆವ್ವಪ್ಪ ರಾಮಣ್ಣವರ 2008ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಅಧ್ಯಾಪಕರು. ತನ್ನ ದೇಹವನ್ನು ಮಗನೇ ಡಿಸೆಕ್ಷನ್ ಮಾಡಿ ಪಾಠ ಹೇಳಬೇಕು ಅನ್ನೋದು ತಂದೆಯ ಇಚ್ಛೆ. ದೇಹವನ್ನು ಕೆಡದಂತೆ ಕಾಪಾಡಿ, ಎರಡು ವರ್ಷದ ನಂತರ, 2010ರ ನವೆಂಬರ್‌ನಲ್ಲಿ ಮಗ ಹಾಗೇ ಮಾಡಿದರು. ಆಗ ದೇಶವೆಲ್ಲ ಸುದ್ದಿಯಾಯಿತು. ಆಮೇಲೆ ಉತ್ತರ ಕರ್ನಾಟಕದಲ್ಲಿ ದೇಹದಾನದ ಮಾತನ್ನು ಹಳ್ಳಿ ಹಳ್ಳಿಗೂ ಒಯ್ಯುವ ಕೆಲಸವನ್ನು ಅವರು ಮುಂದುವರಿಸಿದರು.

ಈ ಸುದ್ದಿಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೀನಿ. ಹೇಳೋದು ಸುಲಭ.

ನನ್ನಪ್ಪ ಆಲೂರು ಕಡೆಯ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಹೋದ ವರ್ಷ ಯುಗಾದಿಗೆ ಹೋದಾಗ, ಏನೋ ಮಾತಿಗೆ ಕೇಳಿದರು: “ನೀನು ಪಾಠ ಮಾಡೋ ಟೇಬಲ್ ಮೇಲೆ ಮಲಗಿರೋರು ಯಾರವ್ವಾ?”

“ಕೆಲವರದ್ದು ಗೊತ್ತಿರುತ್ತೆ ಅಪ್ಪ. ಕೆಲವರದ್ದು ಗೊತ್ತಿಲ್ಲ. ನಂಬರ್ ಇರುತ್ತೆ.”

“ನಂಬರಾ?” ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೂವತ್ತು ವರ್ಷ ಚೆಕ್‌ರೋಲ್ ಬರ್ದಿದ್ದೀನಿ. ಕುಯ್ಲಲ್ಲಿ ಎಷ್ಟು ಆಳು ಬಂದ್ರೂ ಹೆಸರು ಕೇಳೇ ಬರ್ದಿದ್ದು. ಹೆಸರು ಬಿಟ್ರೆ ಅವ್ರ ಬಟವಾಡೆ ಹೋಗ್ತಿತ್ತು. ನನ್ನ ಹೆಸರು ಬರ್ಕೋ. ನಾನು ಬರ್ತೀನಿ.”

ಒಳಗಿಂದ ಅಮ್ಮ ಬಂದರು. “ಏನ್ ಮಾತು ಅಂತ ಆಡ್ತೀರಿ ಹಬ್ಬದ ದಿನ? ಮೂರ್ ದಿನಕ್ಕೆ ಹಾಲು-ತುಪ್ಪ ಎಲ್ಲಿಗೆ ಬಿಡೋದು ನಾವು?”

ಇದಕ್ಕೆ ನನ್ನ ಹತ್ತಿರ ಎಂಡಿಯಲ್ಲಿ ಓದಿದ ಉತ್ತರ ಇರಲಿಲ್ಲ. ಪಾಠ ಮುಗಿದ ಮೇಲೆ ಉಳಿದದ್ದಕ್ಕೆ ಸಂಸ್ಕಾರ ಆಗುತ್ತೆ ಅಂತ ಹೇಳಿದೆ. ಅಮ್ಮನಿಗೆ ಬೇಕಾಗಿದ್ದು ಅದಲ್ಲ. ನಿಂತು ಕೈಮುಗಿಯೋದಕ್ಕೆ ಒಂದು ಜಾಗ. ತಿಂಗಳುಗಳ ಮೇಲೆ ಅವರೇ ಹೇಳಿದರು, ಹಿತ್ತಿಲ ಹಲಸಿನ ಮರದ ಬುಡಕ್ಕೆ ಬಿಟ್ಟರಾಯಿತು, ಅದನ್ನು ನೆಟ್ಟವರು ಅಪ್ಪನೇ ಅಲ್ಲವಾ ಅಂತ. ಅಮ್ಮ ಒಪ್ಪಿದ್ದಾರೆ. ಅಣ್ಣ ಇನ್ನೂ ಸಹಿ ಹಾಕಿಲ್ಲ. “ಊರಲ್ಲಿ ನಾಳೆ ನನ್ನನ್ನ ಏನಂತಾರೆ? ಅಪ್ಪನಿಗೆ ಮಣ್ಣು ಕೊಡಕ್ಕೂ ಆಗ್ಲಿಲ್ಲ ಅಂತಾರೆ” ಅನ್ನೋದು ಅವನ ಮಾತು. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕೋದಕ್ಕೆ ನನ್ನಿಂದ ಆಗೋದಿಲ್ಲ. ಮಣ್ಣು ಕೊಡೋದು ಅಂದರೆ ನಮ್ಮ ಕಡೆ ಅದೂ ಒಂದು ಹೆಸರು ಬರೆಯುವ ಕ್ರಮವೇ.

ಅಪ್ಪ ಬರೋದಾದರೆ ನಾನಿರುವ ಕಾಲೇಜಿಗೆ ಬೇಡ, ಬೇರೆ ಕಾಲೇಜಿಗೆ ಅಂತ ಹೇಳಿದ್ದೀನಿ. ರಾಮಣ್ಣವರ ಅವರು ಮಾಡಿದ್ದನ್ನು ಮಾಡುವ ಗಟ್ಟಿತನ ನನಗಿಲ್ಲ. ಅಪ್ಪ ನಕ್ಕು, “ಯಾವ್ ಕಾಲೇಜಾದ್ರೂ ಸರಿ, ಹುಡುಗ್ರು ಸರಿಯಾಗಿ ಕಲ್ತ್ಕೊಂಡ್ರೆ ಸಾಕು” ಅಂದರು.

ಈ ದಾರಿ ಹಿಡಿಯೋದಾದರೆ

ಈಗ ನೀವು ಕೇಳಿದ ಪ್ರಶ್ನೆ. ಎಂಬಿಬಿಎಸ್ ಆಗಿದ್ದರೆ ಅನಾಟಮಿ ಅಥವಾ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂಡಿ ಮಾಡಬಹುದು. ಎರಡಕ್ಕೂ ಪೀಜಿ ಸೀಟಿನ ಪೈಪೋಟಿ ಬೇರೆ ವಿಭಾಗಗಳಷ್ಟಿಲ್ಲ. ನೈಟ್ ಡ್ಯೂಟಿ ಬೇಡ ಅಂತ ಮಾತ್ರ ಅನಾಟಮಿಗೆ ಬರಬೇಡಿ, ಬೇಗ ಬೇಸರವಾಗುತ್ತೆ. ಎಂಬಿಬಿಎಸ್ ಇಲ್ಲದವರಿಗೆ ಎಂಎಸ್ಸಿ ಮೆಡಿಕಲ್ ಅನಾಟಮಿ, ಆಮೇಲೆ ಪಿಎಚ್‌ಡಿ. ಪಾಠ, ಸಂಶೋಧನೆ ಮಾಡಬಹುದು, ಆದರೆ ಮರಣೋತ್ತರ ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕೋದು ನೋಂದಾಯಿತ ವೈದ್ಯರ ಕೆಲಸ. ಇದನ್ನು ಮೊದಲೇ ತಿಳಿದುಕೊಂಡಿರಿ.

ವಿಜ್ಞಾನದ ಪದವೀಧರರಿಗೆ ಫೊರೆನ್ಸಿಕ್ ಸೈನ್ಸ್ ಎಂಎಸ್ಸಿ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಧಾರವಾಡದಲ್ಲೇ ಇದೆ. ಕೆಲಸ ಸಿಗೋದು ಮುಖ್ಯವಾಗಿ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕಾಲಾವಕಾಶ ಇದೆ. ಅಂದರೆ ಜನ ಬೇಕಾಗುತ್ತಾರೆ.

ಸಿನಿಮಾದಂತೆ ಒಂದೇ ರಾತ್ರಿಯಲ್ಲಿ ಕೇಸು ಬಗೆಹರಿಯೋದಿಲ್ಲ. ಕೋರ್ಟಿನಲ್ಲಿ ವಕೀಲರು, “ನೀವು ಹೇಳಿದ ವಯಸ್ಸು ಇಷ್ಟೇ ಅಂತ ಖಚಿತವಾಗಿ ಹೇಳ್ತೀರಾ?” ಅಂತ ಕೇಳಿದಾಗ, “ಇಲ್ಲ, ಇಷ್ಟರಿಂದ ಇಷ್ಟರೊಳಗೆ” ಅಂತ ಹೇಳೋ ಧೈರ್ಯ ಇರಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯೋಕೆ ಬಂದರೆ ಅರ್ಧ ಕೆಲಸ ಕಲಿತಂತೆ.

ಈ ಕೆಲಸಕ್ಕೆ ಬರದಿದ್ದರೂ

ಉಳಿದವರಿಗೆ ಎರಡು ಮಾತು. ಮೊದಲನೆಯದು ದಾನದ್ದು. ನೇತ್ರದಾನ, ಅಂಗದಾನ, ದೇಹದಾನ ಮೂರೂ ಬೇರೆ ಬೇರೆ. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಆಗಿದ್ದು ನೇತ್ರದಾನ. ಅದೇ ವರ್ಷ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದ ಮೇಲೆ ಆಗಿದ್ದು ಅಂಗದಾನ. ದೇಹದಾನ ಅಂದರೆ ಇಡೀ ದೇಹವನ್ನು ಪಾಠಕ್ಕೆ ಕೊಡೋದು. ಕಣ್ಣು ಕೊಟ್ಟ ಮೇಲೂ ಸಾಮಾನ್ಯವಾಗಿ ದೇಹದಾನ ಮಾಡಬಹುದು. ಮರಣೋತ್ತರ ಪರೀಕ್ಷೆ ಆಗಿದ್ದರೆ, ಕೆಲವು ಸೋಂಕು ರೋಗಗಳಿದ್ದರೆ ಕಾಲೇಜಿನವರು ತೆಗೆದುಕೊಳ್ಳೋದಿಲ್ಲ. ಫಾರಂ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲೇ ಸಿಗುತ್ತೆ, ದುಡ್ಡಿನ ವ್ಯವಹಾರ ಇಲ್ಲ. ಆದರೆ ನೀವು ಎಷ್ಟೇ ಸಹಿ ಹಾಕಿದ್ದರೂ, ಆ ದಿನ ಕಾಲೇಜಿಗೆ ಫೋನ್ ಮಾಡಬೇಕಾದವರು ಮನೆಯವರು. ಅವರ ಮನಸ್ಸಿಲ್ಲದಿದ್ದರೆ ಫಾರಂ ಬೀರುವಿನಲ್ಲೇ ಉಳಿಯುತ್ತೆ. ಆದ್ದರಿಂದ ಸಹಿಗಿಂತ ಮುಂಚೆ ಮನೆಯಲ್ಲಿ ಮಾತಾಡಿ. ಒಂದೇ ಸಲಕ್ಕೆ ಮುಗಿಯೋದಿಲ್ಲ, ನಮ್ಮ ಮನೆಯಲ್ಲಿ ಇನ್ನೂ ನಡೀತಾ ಇದೆ.

ಎರಡನೆಯದು ಗುರುತಿನದ್ದು. ನಿಮ್ಮ ತೋಟದಲ್ಲಿ, ಸೈಟ್‌ನಲ್ಲಿ, ಅಪಾರ್ಟ್‌ಮೆಂಟ್‌ನಲ್ಲಿ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬಂದವರು ಕೆಲಸ ಮಾಡ್ತಿರಬಹುದು. ಅವರ ಪೂರ್ತಿ ಹೆಸರು, ಊರು, ಮನೆಯವರ ಒಂದು ಫೋನ್ ನಂಬರ್ ನಿಮ್ಮ ಹತ್ತಿರ ಇದೆಯಾ? ಬರೀ ‘ಬಂಗಾಳಿ ಹುಡುಗ’ ಅಂತ ಸೇವ್ ಮಾಡಿಕೊಂಡಿದ್ದರೆ, ಇವತ್ತೇ ಹೆಸರು ಕೇಳಿ ಸರಿ ಮಾಡಿಕೊಳ್ಳಿ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಯಾರೂ ಕೊಡದಿದ್ದರೆ, ಮುಂದೊಂದು ದಿನ ನಾವು ಕ್ಯಾಲಿಪರ್ ಹಿಡಿದು ತಿಂಗಳುಗಟ್ಟಲೆ ಹುಡುಕಬೇಕಾಗುತ್ತೆ, ಸಿಕ್ಕೇ ಸಿಗುತ್ತೆ ಅಂತ ಹೇಳೋಕಾಗಲ್ಲ.